ನೌಕರಿ ಮಾಡುತ್ತಾ ಕಥೆ ಬರೆಯುವವರಿಗೆ ಗೂಗಲ್ ಡಾಕ್ಸ್: ಬರೆಯೋಕೆ ಸೈ, ತಿದ್ದೋಕೆ ಅರ್ಧ ಮಾತ್ರ

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಹಗಲೆಲ್ಲ ಆಫೀಸಿನಲ್ಲಿ ದುಡಿದು, ಉಳಿದ ಚೂರುಪಾರು ಸಮಯದಲ್ಲಿ ಕನ್ನಡದಲ್ಲಿ ಕಥೆಯೋ ಕಾದಂಬರಿಯೋ ಬರೆಯುವವರಿಗೆ ನೆಟ್‌ನಲ್ಲೇ ಬರೆದು ಅಲ್ಲೇ ಉಳಿಸಿಡುವ ಗೂಗಲ್ ಡಾಕ್ಸ್‌ಗಿಂತ ಒಳ್ಳೆಯದು ಬಿಟ್ಟಿಯಾಗಿ ಸಿಗೋದು ನನಗಂತೂ ಕಂಡಿಲ್ಲ. ಮೊದಲ ಡ್ರಾಫ್ಟ್ ಬರೆಯೋಕೆ 5ಕ್ಕೆ 4.5 ಕೊಡುತ್ತೇನೆ. ತಿದ್ದೋಕೆ 2.5. ಒಂದೇ ಸಾಧನಕ್ಕೆ ಎರಡು ಅಂಕ ಯಾಕೆ ಅಂತ ಕೇಳಿದರೆ, ಬರೆಯೋದು ಮತ್ತು ತಿದ್ದೋದು ಒಂದೇ ಕೆಲಸ ಅಲ್ಲ, ಅವಕ್ಕೆ ಬೇಕಾದ ಸಮಯವೂ ಒಂದೇ ಥರದ್ದಲ್ಲ.

ನಾನು ಒಂದು ಕಂಪನಿಯ ಪೇರೋಲ್ ವಿಭಾಗದಲ್ಲಿ ಇರೋಳು. ಅಂದರೆ ತಿಂಗಳ ಕೊನೆಯ ವಾರ ಕಥೆ ಗಿಥೆ ಏನೂ ಇಲ್ಲ. ಸಂಬಳ ಹಾಕಬೇಕು, ಪಿಎಫ್ ನೋಡಬೇಕು, ಯಾರದೋ ರಜೆ ಲೆಕ್ಕ ತಪ್ಪಿದೆ ಅಂತ ಫೋನ್ ಬರುತ್ತದೆ. ಮನೆ ವಿಜಯನಗರದ ಕಡೆ, ಆಫೀಸು ವೈಟ್‌ಫೀಲ್ಡ್ ಕಡೆ. 2023ರ ಅಕ್ಟೋಬರ್‌ನಲ್ಲಿ ಬೆಂಗಳೂರು ಮೆಟ್ರೋದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಆದಮೇಲೆ ನನ್ನ ಬರವಣಿಗೆಗೆ ಒಂದು ಜಾಗ ಸಿಕ್ಕಿತು ಅನ್ನಬೇಕು. ಸೀಟು ಸಿಕ್ಕಿದ ದಿನ ಬರೆಯುತ್ತೇನೆ, ಸಿಗದ ದಿನ ಕಂಬಿ ಹಿಡಿದುಕೊಂಡು ಹಿಂದಿನ ದಿನ ಬರೆದದ್ದನ್ನು ಓದುತ್ತೇನೆ. ಊಟದ ಹೊತ್ತಿನಲ್ಲಿ ಸ್ವಲ್ಪ, ರಾತ್ರಿ ಕುಕ್ಕರ್ ಇಟ್ಟಾಗ ಸ್ವಲ್ಪ. ಹೀಗೆ ಬರೆಯುವವರು ನಮ್ಮಲ್ಲಿ ಬಹಳ ಜನ ಇದ್ದಾರೆ, ಇದೇನೂ ಹೊಸದೂ ಅಲ್ಲ. ಮಾಸ್ತಿ ಮೈಸೂರು ಸರ್ಕಾರದಲ್ಲಿ ದೊಡ್ಡ ಹುದ್ದೆಗಳಲ್ಲಿ ಇದ್ದುಕೊಂಡೇ ಬರೆದರು. ಯಶವಂತ ಚಿತ್ತಾಲರು ಮುಂಬೈಯಲ್ಲಿ ಪಾಲಿಮರ್ ತಂತ್ರಜ್ಞರಾಗಿದ್ದರು, ಜಯಂತ ಕಾಯ್ಕಿಣಿ ಅದೇ ಊರಲ್ಲಿ ಔಷಧ ಕಂಪನಿಯಲ್ಲಿದ್ದರು. ಹಾಗಾಗಿ ಒಳ್ಳೆ ಆ್ಯಪ್ ಇಲ್ಲ, ಅದಕ್ಕೇ ಬರೆಯೋಕಾಗ್ತಿಲ್ಲ ಅನ್ನೋ ನೆಪ ನಡೆಯಲ್ಲ. ಆದರೆ ಸಾಧನ ಸರಿಯಿದ್ದರೆ ಕಿರಿಕಿರಿ ಕಡಿಮೆ, ಅಷ್ಟೇ.

ಚೂರು ಸಮಯದಲ್ಲಿ ಬರೆಯುವವರಿಗೆ ದೊಡ್ಡ ತೊಂದರೆ ಬರೆಯೋದಲ್ಲ, ಮತ್ತೆ ಶುರು ಮಾಡೋದು. ಫೈಲ್ ಎಲ್ಲಿದೆ, ಯಾವುದು ಹೊಸದು, ಮನೆ ಲ್ಯಾಪ್‌ಟಾಪ್‌ನಲ್ಲಿ ತಿದ್ದಿದ್ದು ಫೋನಿಗೆ ಬಂತಾ, ಪೆನ್‌ಡ್ರೈವ್ ಎಲ್ಲಿ ಇಟ್ಟೆ. ಇದರಲ್ಲೇ ಸಿಕ್ಕಿದ ಹೊತ್ತು ಮುಗಿದುಹೋಗುತ್ತದೆ. ಡಾಕ್ಸ್ ಇಲ್ಲಿ ಗೆಲ್ಲುತ್ತದೆ. ಸೇವ್ ಬಟನ್ ಅನ್ನೋದೇ ಇಲ್ಲ, ಒತ್ತಿದ ಅಕ್ಷರ ಆಗಲೇ ಉಳಿದಿರುತ್ತದೆ. ಫೋನಿನಲ್ಲಿ ಬಿಟ್ಟ ವಾಕ್ಯವನ್ನು ಕಂಪ್ಯೂಟರ್‌ನಲ್ಲಿ ಮುಗಿಸಬಹುದು. ಒಂದೇ ಫೈಲ್, ಅದರ ಒಂದೇ ರೂಪ. ವಾಟ್ಸಾಪಿನಲ್ಲಿ ತಮಗೆ ತಾವೇ ಮೆಸೇಜ್ ಕಳಿಸಿಕೊಂಡು ಕಾದಂಬರಿ ಬರೆಯುವ ಗೆಳೆಯರು ನನಗಿದ್ದಾರೆ. ಅವರ ಧೈರ್ಯಕ್ಕೆ ನಮಸ್ಕಾರ. ಆದರೆ ಹಾಲಿನವನ ಲೆಕ್ಕದ ಕೆಳಗೆ ನಾಯಕಿಯ ಸಾವು ಇದ್ದರೆ ಅದನ್ನು ಆಮೇಲೆ ಹುಡುಕೋದು ಯಾರು?

ಮೆಟ್ರೋದಲ್ಲಿ ಬರೆಯುವವರು ಒಂದು ಕೆಲಸ ಮೊದಲೇ ಮಾಡಿಟ್ಟುಕೊಳ್ಳಿ. ಕಬ್ಬನ್ ಪಾರ್ಕ್‌ನಿಂದ ಮೆಜೆಸ್ಟಿಕ್ ದಾಟುವವರೆಗೆ ರೈಲು ನೆಲದಡಿ ಹೋಗುತ್ತದೆ, ಅಲ್ಲಿ ನೆಟ್ ನಂಬೋ ಹಾಗಿಲ್ಲ. ಫೋನ್ ಆ್ಯಪಿನಲ್ಲಿ ಫೈಲಿನ ಪಕ್ಕದ ಮೂರು ಚುಕ್ಕಿ ಒತ್ತಿ, ಆಫ್‌ಲೈನ್ ಅನ್ನೋದನ್ನು ಆನ್ ಮಾಡಿ. ಆಮೇಲೆ ನೆಟ್ ಇರಲಿ ಬಿಡಲಿ ಬರೆಯುತ್ತಾ ಹೋಗಬಹುದು, ಮೇಲೆ ಬಂದಾಗ ತಾನೇ ಸೇರಿಕೊಳ್ಳುತ್ತದೆ. ಕಂಪ್ಯೂಟರ್‌ನಲ್ಲಿ ಇದಕ್ಕೆ ಕ್ರೋಮ್ ಅಥವಾ ಎಡ್ಜ್ ಬ್ರೌಸರ್ ಬೇಕು, ಜೊತೆಗೆ ಆಫ್‌ಲೈನ್ ಎಕ್ಸ್‌ಟೆನ್ಷನ್ ಹಾಕಿಕೊಂಡಿರಬೇಕು. ಒಂದು ಎಚ್ಚರಿಕೆ: ಒಂದೇ ಅಧ್ಯಾಯವನ್ನು ನೆಟ್ ಇಲ್ಲದೆ ಎರಡು ಕಡೆ ತಿದ್ದೋಕೆ ಹೋಗಬೇಡಿ. ಎರಡೂ ಸೇರಿಕೊಂಡಾಗ ನಿಮ್ಮ ವಾಕ್ಯ ನಿಮಗೇ ಗುರುತು ಸಿಗಲ್ಲ.

ಇನ್ನು ಕನ್ನಡ ಟೈಪಿಂಗ್. ಇದು ಡಾಕ್ಸ್‌ನ ಕೆಲಸ ಅಲ್ಲ, ಕೀಬೋರ್ಡ್‌ನ ಕೆಲಸ. ಆದರೂ ಇಲ್ಲಿ ಹೇಳದೆ ಇರೋಕಾಗಲ್ಲ, ಯಾಕೆಂದರೆ ಮೊದಲ ಡ್ರಾಫ್ಟ್‌ನ ವೇಗ ಇದರ ಮೇಲೇ ನಿಂತಿದೆ. ಕಂಪ್ಯೂಟರ್‌ನಲ್ಲಿ ನಾನು ಬಳಸೋದು ಕೆ.ಪಿ. ರಾವ್ ರೂಪಿಸಿದ ಕೀಬೋರ್ಡ್ ವಿನ್ಯಾಸ, ನುಡಿ ಅನ್ನೋ ಕನ್ನಡ ತಂತ್ರಾಂಶದಲ್ಲಿ ಬರೋದು. ಕಲಿಯೋಕೆ ಸ್ವಲ್ಪ ದಿನ ಬೇಕು, ಕಲಿತಮೇಲೆ ಕೈ ತಾನೇ ಓಡುತ್ತದೆ. ಅದು ಬೇಡ ಅನ್ನೋರಿಗೆ ವಿಂಡೋಸ್ 10ರಲ್ಲಿ 2019ರ ಮೇ ಅಪ್‌ಡೇಟ್‌ನಿಂದಲೇ ಕನ್ನಡ ಫೋನೆಟಿಕ್ ಕೀಬೋರ್ಡ್ ಇದೆ, ಬೇರೇನೂ ಹಾಕಿಕೊಳ್ಳಬೇಕಿಲ್ಲ. ಫೋನಿನಲ್ಲಿ ಗೂಗಲ್‌ನ ಕೀಬೋರ್ಡ್ ಆ್ಯಪ್ ಜಿಬೋರ್ಡ್ ಸಾಕು. ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ ಕನ್ನಡ ಮಾಡಿಸುವ ವಿಧಾನ ವೇಗವೇನೋ ಹೌದು, ಆದರೆ ಲ ಮತ್ತು ಳ, ನ ಮತ್ತು ಣ, ಇವುಗಳ ಮೇಲೆ ಒಂದು ಕಣ್ಣಿರಲಿ. ಅವಸರದಲ್ಲಿ ಬರೆದ ಡ್ರಾಫ್ಟ್‌ನಲ್ಲಿ 'ಹಳ್ಳಿ' ಹೋಗಿ 'ಹಲ್ಲಿ' ಆದರೆ ವಾಕ್ಯ ಓದೋಕೆ ಸರಿಯಾಗೇ ಇರುತ್ತದೆ. ಅಪ್ಪ ಹಲ್ಲಿಗೆ ಹೋದರು, ಅಷ್ಟೇ.

ಧ್ವನಿಯಿಂದ ಟೈಪ್ ಮಾಡೋದು ಹೇಗಿದೆ ಅಂತ ಬಹಳ ಜನ ಕೇಳುತ್ತಾರೆ. 2017ರಲ್ಲಿ ಗೂಗಲ್ ತನ್ನ ಧ್ವನಿ ಗುರುತಿಸುವ ವ್ಯವಸ್ಥೆಗೆ ಭಾರತದ 8 ಭಾಷೆಗಳನ್ನು ಸೇರಿಸಿದಾಗ ಅದರಲ್ಲಿ ಕನ್ನಡವೂ ಇತ್ತು. ಕಂಪ್ಯೂಟರ್‌ನಲ್ಲಿ ಡಾಕ್ಸ್ ತೆರೆದು ಕಂಟ್ರೋಲ್, ಶಿಫ್ಟ್, ಎಸ್ ಒಟ್ಟಿಗೆ ಒತ್ತಿದರೆ ಮೈಕ್ ಬರುತ್ತದೆ, ಅದರ ಮೇಲಿನ ಪಟ್ಟಿಯಲ್ಲಿ ಕನ್ನಡ ಆರಿಸಿಕೊಳ್ಳಿ. ಫೋನಿನಲ್ಲಾದರೆ ಕೀಬೋರ್ಡ್‌ನ ಮೈಕೇ ಸಾಕು. ಗ್ರಂಥಸ್ಥ ಕನ್ನಡವನ್ನು ನಿಧಾನಕ್ಕೆ ಹೇಳಿದರೆ ಚೆನ್ನಾಗೇ ಹಿಡಿಯುತ್ತದೆ. ಆದರೆ ಪೂರ್ಣವಿರಾಮ, ಅಲ್ಪವಿರಾಮ, ಹೊಸ ಸಾಲು ಇವನ್ನು ಬಾಯಲ್ಲಿ ಹೇಳಿ ಹಾಕಿಸುವ ಸೌಲಭ್ಯ ಇಂಗ್ಲಿಷ್, ಫ್ರೆಂಚ್ ಥರದ ಕೆಲವು ಭಾಷೆಗಳಿಗೆ ಇದೆ, ಕನ್ನಡಕ್ಕೆ ಇಲ್ಲ. ಅಳಿಸು, ಆರಿಸು ಅನ್ನುವಂಥ ಆಜ್ಞೆಗಳೂ ಇಂಗ್ಲಿಷಿಗೆ ಮಾತ್ರ. ಅಂದರೆ ನೀವು ಒಂದು ಪುಟ ಮಾತಾಡಿದರೆ ಒಂದು ಪುಟದುದ್ದದ ಒಂದೇ ವಾಕ್ಯ ಸಿಗುತ್ತದೆ. ಅದನ್ನು ಕತ್ತರಿಸೋಕೆ ಕೂತರೆ ಟೈಪ್ ಮಾಡಿದಷ್ಟೇ ಹೊತ್ತು. ಕಥೆಯಲ್ಲಿ ಜೀವ ಇರೋದು ಸಂಭಾಷಣೆಯಲ್ಲಿ ಅಲ್ವಾ, ಅದೂ ಆಡುಮಾತಿನಲ್ಲಿ. 'ಓಗ್ಬುಟ್ಟು ಬತ್ತೀನಿ ಕಣವ್ವ' ಅಂತ ಹೇಳಿ ಅದು ಹಾಗೇ ಬರಲಿ ಅಂತ ಯಂತ್ರದಿಂದ ನಿರೀಕ್ಷಿಸೋದು ಜಾಸ್ತಿ ಆಯಿತು. ನಾನು ಧ್ವನಿಯನ್ನು ಬಳಸೋದು ಟಿಪ್ಪಣಿಗೆ ಮಾತ್ರ. ಮುಂದಿನ ದೃಶ್ಯದಲ್ಲಿ ಏನಾಗಬೇಕು, ಯಾರು ಯಾರಿಗೆ ಸುಳ್ಳು ಹೇಳಬೇಕು, ಇಷ್ಟನ್ನು ಮೆಟ್ರೋ ಸ್ಟೇಷನ್‌ನಿಂದ ಮನೆಗೆ ನಡೆಯುತ್ತಾ ಹೇಳಿಕೊಳ್ಳುತ್ತೇನೆ. ಜನ ಫೋನಿನಲ್ಲಿ ಮಾತಾಡ್ತಿದ್ದಾಳೆ ಅಂದುಕೊಳ್ಳುತ್ತಾರೆ, ಒಳ್ಳೇದೇ ಆಯಿತು.

2024ರ ಅಕ್ಟೋಬರ್‌ನಲ್ಲಿ ಡಾಕ್ಸ್‌ಗೆ ಟ್ಯಾಬ್ ಅನ್ನೋದು ಬಂತು. ಒಂದೇ ಫೈಲಿನೊಳಗೆ ಎಡಗಡೆ ಪಟ್ಟಿಯಲ್ಲಿ ಬೇರೆ ಬೇರೆ ಟ್ಯಾಬ್. ಕಾದಂಬರಿ ಬರೆಯುವವರಿಗೆ ಇದು ದೊಡ್ಡ ಅನುಕೂಲ. ಅಧ್ಯಾಯಕ್ಕೊಂದು ಟ್ಯಾಬ್, ಪಾತ್ರಗಳ ವಿವರಕ್ಕೆ ಒಂದು, ಕಿತ್ತುಹಾಕಿದ ಭಾಗಗಳಿಗೆ ಒಂದು. ಕೊನೆಯದಕ್ಕೆ ನಾನು 'ಅಟ್ಟ' ಅಂತ ಹೆಸರಿಟ್ಟಿದ್ದೇನೆ. ಬೇಡ ಅನಿಸಿದ ಪ್ಯಾರಾವನ್ನು ಅಳಿಸೋಕೆ ಮನಸ್ಸು ಬರಲ್ಲ, ಅಟ್ಟಕ್ಕೆ ಹಾಕೋಕೆ ಬರುತ್ತದೆ. ಹಾಗೆ ಅಟ್ಟ ಸೇರಿದ್ದರಲ್ಲಿ ಯಾವುದೂ ಮತ್ತೆ ಕೆಳಗೆ ಇಳಿದಿಲ್ಲ ಅನ್ನೋದು ಬೇರೆ ಮಾತು.

ಇಲ್ಲಿವರೆಗೆ ಹೊಗಳಿಕೆ. ಇನ್ನು ತಿದ್ದುವ ಕಥೆ.

ಚೂರು ಸಮಯದಲ್ಲಿ ಬರೆಯಬಹುದು. ಚೂರು ಸಮಯದಲ್ಲಿ ತಿದ್ದೋಕಾಗಲ್ಲ, ಕನಿಷ್ಠ ಮೊದಲ ಸುತ್ತಿನ ತಿದ್ದುವಿಕೆ ಆಗಲ್ಲ. ಕಥೆ ಎಲ್ಲಿ ಎಳೆದಿದೆ, ಯಾವ ಪಾತ್ರ ಮಧ್ಯದಲ್ಲಿ ಮಾಯವಾಗಿದೆ, ಕೊನೆಗೆ ಬರುವ ಜಗಳಕ್ಕೆ ಮೊದಲೇ ಬೀಜ ಬಿದ್ದಿದೆಯಾ, ಇದೆಲ್ಲ ಗೊತ್ತಾಗೋಕೆ ಪೂರ್ತಿ ಒಂದೇ ಸಲ ತಲೆಯಲ್ಲಿ ಇರಬೇಕು. ಫೋನಿನ ಪರದೆಯಲ್ಲಿ ಒಂದು ಸಲಕ್ಕೆ ಕಾಣೋದು ಒಂದೆರಡು ಪ್ಯಾರಾ. ಅಷ್ಟು ಕಂಡಾಗ ಕೈ ಏನು ಮಾಡುತ್ತದೆ? ಪದ ಬದಲಾಯಿಸುತ್ತದೆ. 'ಹೇಳಿದ' ತೆಗೆದು 'ಅಂದ' ಹಾಕುತ್ತದೆ, ಸಂಜೆ 'ಅಂದ' ತೆಗೆದು 'ಹೇಳಿದ' ಹಾಕುತ್ತದೆ. ಕೆಲಸ ಮಾಡಿದ ಹಾಗೆ ಅನಿಸುತ್ತದೆ, ಕಥೆ ಇದ್ದಲ್ಲೇ ಇರುತ್ತದೆ.

ಡಾಕ್ಸ್ ಈ ಚಟಕ್ಕೆ ಇನ್ನಷ್ಟು ಇಂಬು ಕೊಡುತ್ತದೆ. ಕಂಪ್ಯೂಟರ್‌ನಲ್ಲಿ ಫೈಲ್ ತೆರೆದಾಗ ಅದು ಶುರುವಿನಿಂದಲೇ ತೆರೆದುಕೊಳ್ಳುತ್ತದೆ. ನಿಮಗೆ ಇರೋದು ಊಟದ ವಿರಾಮ. ಮೊದಲ ಸಾಲು ಕಣ್ಣಿಗೆ ಬೀಳುತ್ತದೆ, ಸ್ವಲ್ಪ ಸರಿಯಿಲ್ಲ ಅನಿಸುತ್ತದೆ, ತಿದ್ದುತ್ತೀರಿ. ಎರಡನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ಮೀಟಿಂಗಿಗೆ ಕರೆ. ನಾಳೆಯೂ ಇದೇ. ಹೀಗೆ ತಿಂಗಳುಗಟ್ಟಲೆ ನಡೆದರೆ ಮೊದಲ ಅಧ್ಯಾಯ ಫಳಫಳ ಹೊಳೆಯುತ್ತಿರುತ್ತದೆ, ಹತ್ತನೆಯದು ಬರೆದ ದಿನ ಹೇಗಿತ್ತೋ ಹಾಗೇ ಇರುತ್ತದೆ. ನೌಕರಿ ಮಾಡುತ್ತಾ ಬರೆದವರ ಹಸ್ತಪ್ರತಿಗಳಲ್ಲಿ ಈ ಲಕ್ಷಣ ನಾನು ಬಹಳ ನೋಡಿದ್ದೇನೆ, ಶುರು ಚೆನ್ನಾಗಿರುತ್ತದೆ, ಅರ್ಧ ದಾಟಿದ ಮೇಲೆ ಯಾರೋ ಬೇರೆಯವರು ಬರೆದ ಹಾಗೆ ಇರುತ್ತದೆ. ಇದಕ್ಕೆ ಟ್ಯಾಬಿನಿಂದಲೇ ಒಂದು ಉಪಾಯ ಇದೆ. ಪ್ರತಿ ಟ್ಯಾಬಿಗೂ ತನ್ನದೇ ಲಿಂಕ್ ಇರುತ್ತದೆ. ಈ ವಾರ ತಿದ್ದಬೇಕಾದ ಅಧ್ಯಾಯದ ಲಿಂಕನ್ನು ಬ್ರೌಸರ್‌ನಲ್ಲಿ ಬುಕ್‌ಮಾರ್ಕ್ ಮಾಡಿ, ಅಲ್ಲಿಂದಲೇ ಒಳಗೆ ಹೋಗಿ. ಮೊದಲ ಅಧ್ಯಾಯದ ಮುಖವನ್ನೇ ನೋಡಬೇಡಿ.

ಆವೃತ್ತಿಗಳ ಇತಿಹಾಸ ಡಾಕ್ಸ್‌ನ ಹೆಮ್ಮೆಯ ವಿಷಯ, ಹೊಗಳುವಂಥದ್ದೇ. ಫೈಲ್ ಮೆನುವಿನಲ್ಲಿ ಸಿಗುತ್ತದೆ. ಯಾವ ದಿನ ಏನು ಬದಲಾಯಿಸಿದಿರಿ ಅಂತ ಬಣ್ಣದಲ್ಲಿ ತೋರಿಸುತ್ತದೆ. ಆದರೆ ಇದನ್ನು ಪೂರ್ತಿ ನೆಚ್ಚಿಕೊಳ್ಳುವ ಮುಂಚೆ ಎರಡು ವಿಷಯ ತಿಳಿದಿರಲಿ. ಹಳೆಯ ಬದಲಾವಣೆಗಳನ್ನು ಅದು ಒಟ್ಟು ಸೇರಿಸಿಬಿಡಬಹುದು, ಹಾಗಾಗಿ ಒಂದೊಂದು ದಿನದ್ದೂ ಬೇರೆ ಬೇರೆಯಾಗಿ ಯಾವಾಗಲೂ ಸಿಗುತ್ತದೆ ಅಂತಿಲ್ಲ. ಮತ್ತೆ, ಹಳೆಯದಕ್ಕೆ ಹಿಂದಿರುಗಿಸಿದರೆ ಇಡೀ ಫೈಲ್ ಹಿಂದಕ್ಕೆ ಹೋಗುತ್ತದೆ. ಒಂದೇ ಪ್ಯಾರಾ ಬೇಕು ಅಂದರೆ ಹಳೆಯದನ್ನು ತೆರೆದು, ಅಲ್ಲಿಂದ ನಕಲು ಮಾಡಿ ತಂದು ಅಂಟಿಸಬೇಕು. ಹಾಗಾಗಿ ಒಂದು ಡ್ರಾಫ್ಟ್ ಮುಗಿಯಿತು ಅನಿಸಿದ ದಿನ ಆ ಆವೃತ್ತಿಗೆ ಹೆಸರು ಕೊಡಿ. ಒಂದು ಫೈಲಿಗೆ 40 ಹೆಸರು ಇಡಬಹುದು, ಒಂದು ಕಾದಂಬರಿಗೆ ಅದಕ್ಕಿಂತ ಜಾಸ್ತಿ ಬೇಕಾದರೆ ತೊಂದರೆ ಬೇರೆ ಕಡೆ ಇದೆ. 'ಯುಗಾದಿ ಡ್ರಾಫ್ಟ್', 'ಅಜ್ಜಿ ಪಾತ್ರ ತೆಗೆಯುವ ಮುಂಚೆ', ಹೀಗೆ ಅರ್ಥ ಆಗುವ ಹೆಸರಿಡಿ. 'ಫೈನಲ್', 'ಫೈನಲ್ ಹೊಸದು' ಬೇಡ.

ಸಲಹೆ ರೂಪದಲ್ಲಿ ತಿದ್ದುವ ಮೋಡ್ ಇದೆ, ಪೆನ್ಸಿಲ್ ಗುರುತಿನ ಕೆಳಗೆ. ಅದನ್ನು ಹಾಕಿಕೊಂಡರೆ ಅಳಿಸಿದ್ದು ಗೆರೆ ಎಳೆದು ಕಾಣುತ್ತದೆ, ಸೇರಿಸಿದ್ದು ಬಣ್ಣದಲ್ಲಿ ಕಾಣುತ್ತದೆ, ಆಮೇಲೆ ಒಪ್ಪಿಕೊಳ್ಳಬಹುದು ಇಲ್ಲ ಬಿಡಬಹುದು. ಬೇರೆಯವರು ನಿಮ್ಮ ಕಥೆ ತಿದ್ದುವಾಗ ಇದು ಬೇಕೇ ಬೇಕು. ನಿಮ್ಮದನ್ನು ನೀವೇ ತಿದ್ದುವಾಗ ಬೇಡ ಅಂತ ನನ್ನ ಅಭಿಪ್ರಾಯ. ಹಳೆಯದು, ಹೊಸದು ಎರಡೂ ಒಂದೇ ಸಾಲಿನಲ್ಲಿ ಕಂಡರೆ ವಾಕ್ಯದ ಲಯ ಕೇಳಿಸೋದೇ ಇಲ್ಲ.

ಕಾಮೆಂಟ್ ಮಾತ್ರ ನನಗೆ ಬಹಳ ಇಷ್ಟ. ನನ್ನ ಮೊದಲ ಓದುಗರು ನಮ್ಮ ಅತ್ತಿಗೆ, ತಿಪಟೂರಿನಲ್ಲಿ ಇರುತ್ತಾರೆ. ಅವರಿಗೆ ಕಾಮೆಂಟ್ ಹಾಕುವಷ್ಟು ಮಾತ್ರ ಅನುಮತಿ ಕೊಟ್ಟು ಲಿಂಕ್ ಕಳಿಸುತ್ತೇನೆ, ತಿದ್ದುವ ಅನುಮತಿ ಕೊಡಲ್ಲ. ಕೊಟ್ಟರೆ ಕಥೆಯಲ್ಲಿ ಎಲ್ಲರೂ ಹೊತ್ತಿಗೆ ಸರಿಯಾಗಿ ಊಟ ಮಾಡಿರುತ್ತಾರೆ. 'ಈ ಹುಡುಗ ಇಷ್ಟು ಒಳ್ಳೆಯವನಾದರೆ ಇವಳು ಯಾಕೆ ಅಳಬೇಕು ಕಣೇ?' ಅಂತ ಒಂದು ಸಾಲು ಬರೆದಿದ್ದರು. ಅಷ್ಟಕ್ಕೆ ಎರಡು ಅಧ್ಯಾಯ ಹೊಸದಾಗಿ ಬರೆಯಬೇಕಾಯಿತು. ಇನ್ನೊಂದು ಬಳಕೆ ಇದೆ. ಪ್ರತಿ ಸಲ ಬರೆಯೋದು ನಿಲ್ಲಿಸುವಾಗ ಕೊನೆಯ ಸಾಲಿಗೆ ನಾನೇ ಒಂದು ಕಾಮೆಂಟ್ ಹಾಕುತ್ತೇನೆ, ಮುಂದಿನ ಸಾಲು ಏನಿರಬೇಕು ಅಂತ. ತಿಂಗಳ ಕೊನೆಯ ಗಲಾಟೆ ಮುಗಿಸಿ ಮತ್ತೆ ಕೂತಾಗ ಕಥೆಯ ದನಿ ಮರೆತುಹೋಗಿರುತ್ತದೆ, ಆಗ ಆ ಒಂದು ಸಾಲು ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುತ್ತದೆ.

ಹುಡುಕಿ ಬದಲಾಯಿಸುವ ಸೌಲಭ್ಯದ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳಬೇಕು. ಯಾಕೆಂದರೆ ಕಾದಂಬರಿ ತಿದ್ದುವಾಗ ಪಾತ್ರದ ಹೆಸರು ಬದಲಾಗೋದು ಮಾಮೂಲಿ, ಮತ್ತೆ ಈ ಸೌಲಭ್ಯ ಇಂಗ್ಲಿಷಿಗೆ ಹೊಂದಿದ ಹಾಗೆ ಕನ್ನಡಕ್ಕೆ ಹೊಂದಲ್ಲ. ತಪ್ಪು ಡಾಕ್ಸ್‌ದಲ್ಲ, ವರ್ಡ್‌ನಲ್ಲೂ ಇದೇ ಪಾಡು. ನಮ್ಮ ವಿಭಕ್ತಿ ಹೆಸರಿಗೆ ಅಂಟಿಕೊಂಡಿರುತ್ತದೆ. 'ಸುಶೀಲ' ತೆಗೆದು 'ಗೌರಿ' ಹಾಕಿ ಅಂತ ಒಂದೇ ಗುಂಡಿ ಒತ್ತಿದರೆ 'ಸುಶೀಲಳಿಗೆ' ಹೋಗಿ 'ಗೌರಿಳಿಗೆ' ಬರುತ್ತದೆ. ಹೆಸರು ಬದಲಾಯಿಸಲೇಬೇಕು ಅಂದರೆ ಅದೇ ಥರ ಕೊನೆಯಾಗುವ ಹೆಸರು ಹುಡುಕಿ. ಸುಶೀಲ ಹೋಗಿ ವಿಮಲ ಬಂದರೆ ವಿಮಲಳಿಗೆ, ವಿಮಲಳಿಂದ ಎಲ್ಲ ಸರಿಹೋಗುತ್ತದೆ. ಗೌರಿಯೇ ಬೇಕು ಅಂದರೆ ಮೊದಲು 'ಸುಶೀಲಳಿಗೆ', 'ಸುಶೀಲಳನ್ನು', 'ಸುಶೀಲಳ' ಹೀಗೆ ಉದ್ದದ ರೂಪಗಳನ್ನು ಒಂದೊಂದಾಗಿ ಬದಲಾಯಿಸಿ, ಬರೀ 'ಸುಶೀಲ'ವನ್ನು ಕೊನೆಗೆ ಮುಟ್ಟಿ.

ಇದಕ್ಕಿಂತ ಮಜಾ ಚಿಕ್ಕ ಹೆಸರುಗಳದ್ದು. 'ರಾಮ' ಅನ್ನೋ ಪಾತ್ರವನ್ನು 'ಸೀನ' ಮಾಡಿದಿರಿ ಅಂದುಕೊಳ್ಳಿ. 'ಆರಾಮ'ದೊಳಗೆ ರಾಮ ಇದ್ದಾನೆ. ಆರಾಮವಾಗಿ ಕೂತಿದ್ದ ತಾತ ಆಸೀನವಾಗಿ ಕೂತಿರುತ್ತಾನೆ, ಓದಿದರೆ ಅರ್ಥವೂ ಆಗುತ್ತದೆ, ಯಾರೂ ತಪ್ಪು ಹಿಡಿಯಲ್ಲ! 'ವಿರಾಮ'ದೊಳಗೂ ಇದ್ದಾನೆ. ಯುನಿಕೋಡ್, ಅಂದರೆ ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಪದ್ಧತಿ, ಅದರ ಲೆಕ್ಕದಲ್ಲಿ 'ಗ್ರಾಮ'ದೊಳಗೂ ಇದ್ದಾನೆ, ಯಾಕೆಂದರೆ ರ ಒತ್ತು ನಮಗೆ ಕಾಣೋದು ಒತ್ತಾಗಿ, ಒಳಗೆ ಕೂತಿರೋದು ಪೂರ್ತಿ ರ. 'ಎಲ್ಲವನ್ನೂ ಬದಲಾಯಿಸು' ಒತ್ತದೆ ಒಂದೊಂದನ್ನೂ ನೋಡಿ ಬದಲಾಯಿಸೋದೇ ಕ್ಷೇಮ. ಹೊತ್ತು ಹಿಡಿಯುತ್ತದೆ, ಆದರೆ ಇದು ನಿದ್ದೆಗಣ್ಣಲ್ಲೂ ಮಾಡಬಹುದಾದ ಕೆಲಸ, ಚೂರು ಸಮಯಕ್ಕೆ ಹೇಳಿ ಮಾಡಿಸಿದ್ದು.

ಇನ್ನೊಂದು ಕಾಣದ ಕಾಟ. 'ರಾಜ್‌ಕುಮಾರ್' ಅಂತ ಬಿಡಿಯಾಗಿ ಬರಬೇಕಾದರೆ ಜ್ ಆದಮೇಲೆ ಕಣ್ಣಿಗೆ ಕಾಣದ ಒಂದು ಗುರುತು ಕೂತಿರುತ್ತದೆ, ಅಕ್ಷರಗಳು ಒತ್ತಾಗಿ ಅಂಟದ ಹಾಗೆ ತಡೆಯೋದು. ಫೋನಿನಲ್ಲಿ ಒಂದು ಥರ, ಕಂಪ್ಯೂಟರ್‌ನಲ್ಲಿ ಒಂದು ಥರ ಬರೆಯುವವರ ಫೈಲಿನಲ್ಲಿ ಒಂದೇ ಹೆಸರು ಕೆಲವು ಕಡೆ ಈ ಗುರುತಿನ ಜೊತೆ, ಕೆಲವು ಕಡೆ ಅದಿಲ್ಲದೆ ಇರುತ್ತದೆ. ಹುಡುಕಿದಾಗ ಒಂದು ಸಿಕ್ಕಿ ಇನ್ನೊಂದು ಸಿಗದೇ ಹೋಗಬಹುದು. ಎರಡೂ ರೂಪಗಳನ್ನು ಬೇರೆ ಬೇರೆಯಾಗಿ ಹುಡುಕಿ. ಕನ್ನಡದ ಸ್ಪೆಲ್ ಚೆಕ್ ಇದನ್ನೆಲ್ಲ ಹಿಡಿಯುತ್ತದೆ ಅಂತ ಕೂರಬೇಡಿ. ಒಂದು ಕ್ರಿಯಾಪದಕ್ಕೆ ನಾವು ಎಷ್ಟು ಬಾಲ ಸೇರಿಸಬಹುದು ಅಂತ ಯೋಚಿಸಿದರೆ, ಪಟ್ಟಿ ಇಟ್ಟುಕೊಂಡು ತಪ್ಪು ಹುಡುಕುವ ಯಾವ ಯಂತ್ರಕ್ಕಾದರೂ ಕಷ್ಟವೇ.

ಹಾಗಾದರೆ ತಿದ್ದೋದು ಹೇಗೆ? ಡಾಕ್ಸ್‌ನಿಂದ ಹೊರಗೆ ಬಂದು. ನನ್ನ ಪ್ರಕಾರ ಇದಕ್ಕೆ ಬೇರೆ ದಾರಿ ಇಲ್ಲ, 2.5 ಅಂಕ ಕೊಟ್ಟಿದ್ದೂ ಇದಕ್ಕೇ. ಡ್ರಾಫ್ಟ್ ಮುಗಿದಮೇಲೆ ಒಂದು ಭಾನುವಾರಕ್ಕೆ ಪೂರ್ತಿ ಪ್ರಿಂಟ್ ತೆಗೆಸಿ. ಫಾಂಟ್ ನೋಟೊ ಸೆರಿಫ್ ಕನ್ನಡ ಇಡಿ, ಓದೋಕೆ ಕಣ್ಣಿಗೆ ಹಿತ. ಟಿರೊ ಕನ್ನಡವೂ ಚೆನ್ನಾಗಿದೆ, ಹಳೇ ಪುಸ್ತಕದ ಅಚ್ಚಿನ ಹಾಗೆ ಕಾಣುತ್ತದೆ. ಎರಡೂ ಡಾಕ್ಸ್‌ನ ಫಾಂಟ್ ಪಟ್ಟಿಯಲ್ಲಿ ಬಿಟ್ಟಿಯಾಗೇ ಸಿಗುತ್ತವೆ. ಸಾಲಿನ ಅಂತರ ಮಾಮೂಲಿ 1.15 ಇರುತ್ತದೆ, ಅದು ಕನ್ನಡಕ್ಕೆ ಸಾಲದು. 'ರಾಷ್ಟ್ರ', 'ಸ್ತ್ರೀ' ಅಂಥ ಪದಗಳ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. 1.5 ಮಾಡಿ, ಪೆನ್ನಿನಲ್ಲಿ ಬರೆಯೋಕೂ ಜಾಗ ಸಿಗುತ್ತದೆ. ಜೆರಾಕ್ಸ್ ಅಂಗಡಿಗೆ ವರ್ಡ್ ಫೈಲ್ ತೆಗೆದುಕೊಂಡು ಹೋಗಬೇಡಿ, ಪಿಡಿಎಫ್ ಮಾಡಿಕೊಂಡು ಹೋಗಿ. ಅಲ್ಲಿನ ಕಂಪ್ಯೂಟರ್‌ನಲ್ಲಿ ನಿಮ್ಮ ಫಾಂಟ್ ಇರಲ್ಲ, ಪುಟ ಎಲ್ಲ ಜರುಗುತ್ತದೆ, ಅಂಗಡಿಯವನು 'ಮೇಡಂ ನಿಮ್ಮ ಫೈಲೇ ಸರಿಯಿಲ್ಲ' ಅನ್ನುತ್ತಾನೆ. ಪಿಡಿಎಫ್‌ನಲ್ಲಿ ಫಾಂಟ್ ಒಳಗೇ ಇರುತ್ತದೆ.

ಮೊದಲ ಓದಿನಲ್ಲಿ ಪೆನ್ನು ಹಿಡಿಯಬೇಡಿ. ಸುಮ್ನೆ ಓದುತ್ತಾ ಹೋಗಿ, ಬೇಸರ ಬಂದಲ್ಲಿ ಪುಟದ ಮೂಲೆ ಮಡಿಸಿ. ಕಾಗದದಲ್ಲಿ ಪದ ಬದಲಾಯಿಸೋದು ಕಷ್ಟ, ಅದೇ ಅದರ ಲಾಭ. ಹಾಗಾಗಿ ದೊಡ್ಡ ವಿಷಯಗಳ ಕಡೆ ಗಮನ ಹೋಗುತ್ತದೆ: ಈ ದೃಶ್ಯ ಬೇಕಾ, ಈ ಅಧ್ಯಾಯ ಮುಂಚೆ ಬರಬೇಕಾ. ಎರಡನೇ ಓದಿನಲ್ಲಿ ಗುರುತು ಮಾಡಿ. ಆಮೇಲೆ ಆ ಗುರುತುಗಳನ್ನು ಫೈಲಿಗೆ ಏರಿಸೋದು ಮತ್ತೆ ಮೆಟ್ರೋ ಕೆಲಸ, ಊಟದ ಹೊತ್ತಿನ ಕೆಲಸ. ಯೋಚನೆ ಭಾನುವಾರ ಮುಗಿದಿರುತ್ತದೆ, ವಾರದ ದಿನಗಳಿಗೆ ಗುಮಾಸ್ತಿಕೆ ಮಾತ್ರ. ನಮ್ಮಂಥವರಿಗೆ ಗುಮಾಸ್ತಿಕೆ ಚೆನ್ನಾಗಿ ಬರುತ್ತದೆ!

ಕೊನೆಯ ಸುತ್ತಿಗೆ ಕಿವಿ ಬಳಸಿ. ಆಂಡ್ರಾಯ್ಡ್ ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ, ಆರಿಸಿದ ಪಠ್ಯವನ್ನು ಓದಿ ಹೇಳುವ ಸೌಲಭ್ಯ ಇದೆ, ಗೂಗಲ್‌ನ ಕನ್ನಡ ಧ್ವನಿ ಹಾಕಿಕೊಂಡರೆ ಕಥೆಯನ್ನು ಓದಿ ಹೇಳುತ್ತದೆ. ಭಾವ ಗೀವ ಏನೂ ಇರಲ್ಲ, ರೈಲ್ವೆ ಸ್ಟೇಷನ್‌ನಲ್ಲಿ ಗಾಡಿ ತಡ ಅಂತ ಹೇಳುವ ಹಾಗೆ ನಿಮ್ಮ ನಾಯಕಿಯ ದುಃಖವನ್ನು ಹೇಳುತ್ತದೆ. ಅದೇ ಬೇಕಾಗಿರೋದು. ನಿಮ್ಮ ದನಿಯಲ್ಲಿ ಓದಿದರೆ ಕೆಟ್ಟ ವಾಕ್ಯವನ್ನೂ ನೀವೇ ಎಳೆದಾಡಿ ಸರಿಮಾಡಿಕೊಳ್ಳುತ್ತೀರಿ, ಯಂತ್ರ ಆ ಸಹಾಯ ಮಾಡಲ್ಲ. ಒಂದೇ ಪದ ಒಂದೇ ಪ್ಯಾರಾದಲ್ಲಿ ಮೂರು ಸಲ ಬಂದಿದ್ದರೆ ಕಿವಿಗೆ ಚುಚ್ಚುತ್ತದೆ.

ಹಣದ ವಿಷಯ. ಡಾಕ್ಸ್ ಬಿಟ್ಟಿ, ಒಂದು ಖಾತೆಗೆ 15 ಜಿಬಿ ಜಾಗ. ಈ ಜಾಗವನ್ನು ಜಿಮೇಲ್, ಫೋಟೋ, ಡ್ರೈವ್ ಎಲ್ಲ ಹಂಚಿಕೊಳ್ಳುತ್ತವೆ, 2021ರ ಜೂನ್‌ನಿಂದ ಹೊಸ ಡಾಕ್ಸ್ ಫೈಲುಗಳೂ ಇದೇ ಲೆಕ್ಕಕ್ಕೆ. ಕಾದಂಬರಿ ತಿನ್ನುವ ಜಾಗ ಏನೂ ಇಲ್ಲ, ತಿನ್ನೋದು ಮದುವೆ ಫೋಟೋಗಳು. ಜಾಗ ತುಂಬಿದರೆ ಹೊಸ ಫೈಲ್ ಮಾಡೋಕಾಗಲ್ಲ. ಬರವಣಿಗೆಗೆ ಬೇರೆಯದೇ ಒಂದು ಖಾತೆ ಮಾಡಿಕೊಳ್ಳಿ. ಅದು ಕಂಪನಿಯ ಖಾತೆ ಆಗಿರಬಾರದು, ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಕಂಪನಿ ಖಾತೆಯ ಯಜಮಾನಿಕೆ ಕಂಪನಿಯದ್ದು, ಒಳಗೆ ಏನಿದೆ ಅಂತ ಅಲ್ಲಿನ ಅಡ್ಮಿನ್ ನೋಡಬಹುದು, ಕೆಲಸ ಬಿಟ್ಟ ದಿನ ಬಾಗಿಲು ಹಾಕುತ್ತದೆ. ಬಾಸ್ ಮೇಲೆ ಬರೆದ ಕಥೆ ಬಾಸ್‌ನ ಡ್ರೈವ್‌ನಲ್ಲೇ ಇದ್ದರೆ ಹೇಗೆ? ಜೊತೆಗೆ ತಿಂಗಳಿಗೊಮ್ಮೆ ವರ್ಡ್ ಫೈಲ್ ಆಗಿ ಇಳಿಸಿ ಬೇರೆ ಕಡೆ ಇಟ್ಟುಕೊಳ್ಳಿ. ಎರಡು ವರ್ಷ ಮುಟ್ಟದೇ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಬಹುದು ಅನ್ನೋ ನಿಯಮ ಇದೆ. ಕಾದಂಬರಿಯನ್ನು ಕೋಪಕ್ಕೆ ಬಿಟ್ಟು ವರ್ಷಗಟ್ಟಲೆ ತಿರುಗಿ ನೋಡದವರು ನಮ್ಮಲ್ಲಿ ಕಡಿಮೆ ಇಲ್ಲ.

ಬೇರೆ ಸಾಧನಗಳ ಬಗ್ಗೆ ಎರಡೇ ಮಾತು. ಸ್ಕ್ರಿವ್‌ನರ್ ಕಾದಂಬರಿಗೆಂದೇ ಮಾಡಿದ್ದು, ದೃಶ್ಯಗಳನ್ನು ಚೀಟಿಗಳ ಹಾಗೆ ಹರಡಿ ನೋಡಬಹುದು, ತಿದ್ದೋಕೆ ಡಾಕ್ಸ್‌ಗಿಂತ ಎಷ್ಟೋ ಮೇಲು. ಆದರೆ ದುಡ್ಡು ಕೊಡಬೇಕು, ಮತ್ತೆ ಆಂಡ್ರಾಯ್ಡ್‌ಗೆ ಇಲ್ಲ, ಅಲ್ಲಿಗೆ ನನ್ನ ಮೆಟ್ರೋ ಬರವಣಿಗೆ ಮುಗಿಯಿತು. ವರ್ಡ್ ಥರದ್ದೇ ಆದ ಲಿಬ್ರೆ ಆಫೀಸ್ ಬಿಟ್ಟಿ, ಗಟ್ಟಿ, ಮನೆಯಲ್ಲೇ ಕೂತು ಬರೆಯುವವರು ಅದನ್ನೇ ಬಳಸಲಿ. ನೋಟ್‌ಬುಕ್ಕು ಪೆನ್ನು ಎಲ್ಲಕ್ಕಿಂತ ಚೆನ್ನ, ಆಮೇಲೆ ಟೈಪ್ ಮಾಡಿಕೊಡೋರು ಇದ್ದರೆ.

ಕೊನೆಗೆ ಪ್ರಕಾಶಕರು. ಡಾಕ್ಸ್‌ನಲ್ಲಿ ಬರೆದದ್ದು ಯುನಿಕೋಡ್‌ನಲ್ಲಿ ಇರುತ್ತದೆ. ಪುಟ ವಿನ್ಯಾಸ ಮಾಡುವ ಕೆಲವರು ಇವತ್ತಿಗೂ ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲೇ ಕೆಲಸ ಮಾಡುತ್ತಾರೆ, ಕಳಿಸುವ ಮುಂಚೆ ಕೇಳಿಕೊಳ್ಳಿ. ಪರಿವರ್ತಿಸುವ ಸಾಧನಗಳು ಬಿಟ್ಟಿಯಾಗಿ ಸಿಗುತ್ತವೆ, ಆದರೆ ಪರಿವರ್ತನೆ ಆದಮೇಲೆ ಒಮ್ಮೆ ಪೂರ್ತಿ ಓದದೇ ಕಳಿಸಬೇಡಿ. ಅರ್ಕಾವತ್ತು, ಅಂಕಿಗಳು, ಉದ್ಧರಣ ಚಿಹ್ನೆ, ಆಮೇಲೆ ರಾಜ್‌ಕುಮಾರ್ ಥರದ ಬಿಡಿ ಅಕ್ಷರದ ಹೆಸರುಗಳು, ಈ ನಾಲ್ಕನ್ನು ಮೊದಲು ನೋಡಿ. ಪಿಡಿಎಫ್ ಕೂಡ ಜೊತೆಗೆ ಕಳಿಸಿ, ಪ್ರೂಫ್ ನೋಡುವವರಿಗೆ ಮೂಲದಲ್ಲಿ ಏನಿತ್ತು ಅಂತ ಗೊತ್ತಾಗುತ್ತದೆ.